ಪರದೆಯ ಮೇಲಿನ ಮದ್ದು, ಮನೆಯಲ್ಲಿರುವ ಮಾತ್ರೆ

"ಕಂಪ್ಯೂಟರ್ ನೆರವಿನಿಂದ ಕ್ಯಾನ್ಸರಿಗೆ ಹೊಸ ಮದ್ದು" ಎಂಬಂಥ ತಲೆಬರಹಗಳು ಈಗ ಆಗಾಗ ಕಣ್ಣಿಗೆ ಬೀಳುತ್ತವೆ. ಯಾವುದೋ ವಿಜ್ಞಾನ ಸಮ್ಮೇಳನದಲ್ಲಿ ಒಂದು ಕಂಪೆನಿ ತನ್ನ ಸಂಶೋಧನೆಯನ್ನು ಮಂಡಿಸಿರುತ್ತದೆ. ಮನೆಯಲ್ಲಿ ರೋಗಿ ಇದ್ದವರು ಅದನ್ನು ಓದಿ, "ಈ ಮದ್ದು ಉಡುಪಿಯಲ್ಲಿ ಸಿಗುತ್ತದೆಯೇ ಡಾಕ್ಟ್ರೇ?" ಎಂದು ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ಉತ್ತರ ತಿಳಿಯಬೇಕಾದರೆ ಇದರಲ್ಲಿ ಕಂಪ್ಯೂಟರಿನ ಕೆಲಸ ಯಾವುದು, ಅದರ ಕೈಗೆ ಸಿಗದ ಕೆಲಸ ಯಾವುದು ಎಂಬುದನ್ನು ನೋಡಬೇಕು.

ಔಷಧ ವಿಜ್ಞಾನ ನಮ್ಮ ಜಿಲ್ಲೆಗೆ ಹೊಸತಲ್ಲ. ಮಣಿಪಾಲದಲ್ಲಿ 1963ರಿಂದಲೇ ಫಾರ್ಮಸಿ ಶಿಕ್ಷಣ ನಡೆಯುತ್ತಿದೆ. 2010ರ ಡಿಸೆಂಬರಿನಲ್ಲಿ 62ನೇ ಇಂಡಿಯನ್ ಫಾರ್ಮಾಸ್ಯುಟಿಕಲ್ ಕಾಂಗ್ರೆಸ್ ಅಲ್ಲಿಯೇ ಜರಗಿತು. ಔಷಧ ತಜ್ಞರು ಸೇರುವ ಸಮ್ಮೇಳನಗಳಲ್ಲಿ ಇಂದು ಪರದೆಯ ಮೇಲೆ ಬಣ್ಣಬಣ್ಣದ ಅಣುಗಳು ತಿರುಗುವುದನ್ನು ಕಾಣಬಹುದು. ಈ ವಿದ್ಯೆಗೆ ಗಣಕ ರಸಾಯನಶಾಸ್ತ್ರವೆಂದು ಹೆಸರು.

ಬೀಗ ಮತ್ತು ಕೀಲಿಕೈ

ನಮ್ಮ ದೇಹದ ಜೀವಕೋಶಗಳಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿವೆ. ಅನೇಕ ಪ್ರೋಟೀನುಗಳ ಮೈಯಲ್ಲಿ ಬೀಗದ ಕಿಂಡಿಯಂಥ ಸಣ್ಣ ಗುಳಿಗಳಿರುತ್ತವೆ. ಆ ಗುಳಿಗೆ ಸರಿಯಾಗಿ ಹೊಂದುವ ಅಣು ಬಂದು ಕೂತರೆ ಪ್ರೋಟೀನಿನ ಕೆಲಸ ನಿಲ್ಲಬಹುದು ಅಥವಾ ಚುರುಕಾಗಬಹುದು. ಹೆಚ್ಚಿನ ಔಷಧಗಳು ಕೆಲಸ ಮಾಡುವುದು ಹೀಗೆಯೇ. ವಿಷಗಳೂ ಹಾಗೆಯೇ.

ಕಾಪು, ಕಾರ್ಕಳದ ಕಡೆಯ ಮನೆಗಳಿಗೆ ಇದರ ಉದಾಹರಣೆ ಹತ್ತಿರದಲ್ಲೇ ಇದೆ. ಆಟಿ ಅಮಾವಾಸ್ಯೆಯ ದಿನ ನಸುಕಿನಲ್ಲಿ ಪಾಲೆ ಮರದ ತೊಗಟೆ ತಂದು, ಕಾಳುಮೆಣಸು, ಓಮ, ಬೆಳ್ಳುಳ್ಳಿ ಸೇರಿಸಿ ಕಷಾಯ ಕುಡಿಯುತ್ತೇವೆ. ಮರ ಗೊತ್ತಿದ್ದವರೇ ತೊಗಟೆ ತರಬೇಕೆಂದು ಹಿರಿಯರು ಹೇಳುವುದಕ್ಕೆ ಕಾರಣವಿದೆ. ಕತ್ತಲಲ್ಲಿ ಗುರುತು ತಪ್ಪಿ ಕಾಸರಕದ ತೊಗಟೆ ಬಂದರೆ ಜೀವಕ್ಕೇ ಅಪಾಯ. ಕಾಸರಕದಲ್ಲಿ ಸ್ಟ್ರಿಕ್ನಿನ್ ಎಂಬ ವಿಷವಿದೆ. ಸ್ನಾಯುಗಳನ್ನು ಹತೋಟಿಯಲ್ಲಿಡಲು ಬೆನ್ನುಹುರಿಯ ನರಕೋಶಗಳಲ್ಲಿ ಗ್ಲೈಸಿನ್ ಎಂಬ ಕೀಲಿ ಹೊಂದುವ ಬೀಗವಿರುತ್ತದೆ. ಸ್ಟ್ರಿಕ್ನಿನ್ ಅಲ್ಲಿಗೆ ಹೋಗಿ ಗ್ಲೈಸಿನ್ನಿಗೆ ಅಡ್ಡ ಕೂರುತ್ತದೆ. ಮೈ ಸೆಟೆದು ಸೆಳೆತ ಬರುತ್ತದೆ, ಉಸಿರಾಟವೂ ನಿಲ್ಲಬಹುದು.

ಯಾವ ಅಣು ಯಾವ ಗುಳಿಗೆ ಎಷ್ಟು ಬಿಗಿಯಾಗಿ ಹೊಂದುತ್ತದೆ ಎಂದು ಲೆಕ್ಕ ಹಾಕುವುದು ಕಂಪ್ಯೂಟರಿನ ಕೆಲಸ. ಅಣುವಿನ ಆಕಾರ, ಅದರ ವಿದ್ಯುತ್ ಅಂಶ, ಸುತ್ತಲಿನ ನೀರು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಲಕ್ಷಗಟ್ಟಲೆ ಅಣುಗಳನ್ನು ಪರದೆಯ ಮೇಲೆಯೇ ಸೋಸಿ, ತಯಾರಿಸಿ ನೋಡಲು ಯೋಗ್ಯವಾದ ಕೆಲವನ್ನು ಮಾತ್ರ ಆರಿಸಿಕೊಳ್ಳಬಹುದು. ಇದಕ್ಕೆ ಪ್ರೋಟೀನಿನ ಆಕಾರ ತಿಳಿದಿರಬೇಕು. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಮಡಚಬಲ್ಲದು ಎಂಬ ನಕ್ಷೆಯನ್ನು 1963ರಲ್ಲಿ ಮದರಾಸಿನಿಂದ ಪ್ರಕಟಿಸಿದವರು ಡಾ. ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಗಣಕ ರಸಾಯನಶಾಸ್ತ್ರಕ್ಕೆ 2013ರಲ್ಲಿ, ಪ್ರೋಟೀನುಗಳ ಆಕಾರವನ್ನು ಕಂಪ್ಯೂಟರಿನಿಂದ ಊಹಿಸಿದ್ದಕ್ಕೆ ಮತ್ತು ಹೊಸ ಪ್ರೋಟೀನುಗಳನ್ನು ರೂಪಿಸಿದ್ದಕ್ಕೆ 2024ರಲ್ಲಿ ನೊಬೆಲ್ ಪ್ರಶಸ್ತಿ ಬಂದಿದೆ.

ಹಾವಿನ ವಿಷದಿಂದ ಬಿ.ಪಿ. ಮಾತ್ರೆ

ಎನಾಲಪ್ರಿಲ್, ಲಿಸಿನೊಪ್ರಿಲ್, ರಾಮಿಪ್ರಿಲ್ ಎಂಬ ಹೆಸರುಗಳು ಅನೇಕ ಮನೆಗಳ ಮದ್ದಿನ ಡಬ್ಬಿಯಲ್ಲಿವೆ. ಇವುಗಳ ಹಿರಿಯಣ್ಣ ಕ್ಯಾಪ್ಟೊಪ್ರಿಲ್. ಬ್ರೆಜಿಲ್ ದೇಶದ ಒಂದು ಹಾವಿನ ವಿಷದಿಂದ ದೊರೆತ ಸುಳಿವನ್ನು ಹಿಡಿದು, ರಕ್ತದೊತ್ತಡ ಏರಿಸುವ ಒಂದು ಕಿಣ್ವದ ಗುಳಿ ಹೇಗಿರಬಹುದೆಂದು ವಿಜ್ಞಾನಿಗಳು 1970ರ ದಶಕದಲ್ಲಿ ಕಾಗದದ ಮೇಲೆ ಊಹಿಸಿ ಅದಕ್ಕೊಪ್ಪುವ ಅಣುವನ್ನು ಕಟ್ಟಿದರು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಗ್ಲುಕೋಮಾ ರೋಗಿಗಳು ಕಣ್ಣಿಗೆ ಬಿಡುವ ಡೋರ್ಜೊಲಮೈಡ್ ಹನಿ 1995ರ ಹೊತ್ತಿಗೆ ಬಂತು. ಪ್ರೋಟೀನಿನ ಆಕಾರ ನೋಡಿ ರೂಪಿಸಿದ ಔಷಧಗಳಲ್ಲಿ ಅದು ಮೊದಲ ಸಾಲಿನದು.

ಆದರೆ 'ಪ್ರಿಲ್' ಮಾತ್ರೆ ತಿನ್ನುವ ಕೆಲವರಿಗೆ ಒಣಕೆಮ್ಮು ಬರುತ್ತದೆ. ಆ ಕಿಣ್ವ ರಕ್ತದೊತ್ತಡ ಏರಿಸುವುದಲ್ಲದೆ ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆಯುವ ಕೆಲಸವನ್ನೂ ಮಾಡುತ್ತದೆ. ಕಿಣ್ವ ನಿಂತಾಗ ಬ್ರಾಡಿಕೈನಿನ್ ಉಳಿದುಕೊಂಡು ಗಂಟಲನ್ನು ಕೆರಳಿಸುತ್ತದೆ. ಬೀಗಕ್ಕೆ ಕೀಲಿ ಸರಿಯಾಗಿಯೇ ಹೊಂದಿತ್ತು. ಉಳಿದ ದೇಹದಲ್ಲಿ ಏನಾಗುತ್ತದೆಂಬುದು ಮಾತ್ರ ಮನುಷ್ಯರು ತಿಂದ ಮೇಲೆಯೇ ಗೊತ್ತಾದುದು.

ಒಂದೇ ಕಂಪೆನಿ, ಎರಡು ಮದ್ದು

ಅಮೆರಿಕದಲ್ಲಿ 1990ರಲ್ಲಿ ಹುಟ್ಟಿದ ಶ್ರೋಡಿಂಗರ್ ಈ ಕ್ಷೇತ್ರದ ಹೆಸರಾಂತ ಕಂಪೆನಿ. ಬೆಂಗಳೂರು ಮತ್ತು ಹೈದರಾಬಾದಿನಲ್ಲೂ ಅದರ ಕಚೇರಿಗಳಿವೆ. ಇನ್ನೊಂದು ಕಂಪೆನಿಯೊಡನೆ ಸೇರಿ ಅದು ಕಂಪ್ಯೂಟರಿನಲ್ಲಿ ರೂಪಿಸಿದ ಜಾಸೊಸಿಟಿನಿಬ್ ಎಂಬ ಅಣು ಸೋರಿಯಾಸಿಸ್ ಚರ್ಮರೋಗಕ್ಕಾಗಿ ಮೂರನೇ ಹಂತದ ಪ್ರಯೋಗದವರೆಗೆ ತಲುಪಿತು.

ಇದೇ ಕಂಪೆನಿ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಎಸ್‌ಜಿಆರ್-2921 ಎಂಬ ಇನ್ನೊಂದು ಅಣುವನ್ನು ರೂಪಿಸಿತ್ತು. ಪ್ರಯೋಗಶಾಲೆಯ ಫಲಿತಾಂಶಗಳನ್ನು ರಕ್ತರೋಗ ತಜ್ಞರ ಸಮ್ಮೇಳನದಲ್ಲಿ ಮಂಡಿಸಿತ್ತು. ಆದರೆ ರೋಗಿಗಳ ಮೇಲಿನ ಮೊದಲ ಹಂತದ ಪ್ರಯೋಗದಲ್ಲಿ ಇಬ್ಬರು ತೀರಿಕೊಂಡರು. ಆ ಸಾವುಗಳಲ್ಲಿ ಔಷಧದ ಪಾಲೂ ಇತ್ತೆಂದು ಪರಿಗಣಿಸಿ 2025ರ ಆಗಸ್ಟಿನಲ್ಲಿ ಕಂಪೆನಿ ಅದನ್ನು ಕೈಬಿಟ್ಟಿತು. ಸಮ್ಮೇಳನದ ವರದಿಯನ್ನಷ್ಟೇ ಓದಿದವರಿಗೆ ಎರಡರಲ್ಲಿ ಯಾವುದು ಮುಂದೆ ಹೋಗುತ್ತದೆ, ಯಾವುದು ನಿಲ್ಲುತ್ತದೆ ಎಂದು ಹೇಳಲು ಸಾಧ್ಯವಿರಲಿಲ್ಲ.

ಕಾರಣವಿಷ್ಟೇ: ನುಂಗಿದ ಅಣು ಒಂದೇ ಬೀಗವನ್ನು ಹುಡುಕಿಕೊಂಡು ಹೋಗುವುದಿಲ್ಲ. ಹೊಟ್ಟೆ, ಯಕೃತ್ತು, ಹೃದಯ, ಮೂತ್ರಪಿಂಡ ಎಲ್ಲವನ್ನೂ ಮುಟ್ಟುತ್ತದೆ. ಆದ್ದರಿಂದ ಮೊದಲು ಪ್ರಾಣಿಗಳಲ್ಲಿ, ಬಳಿಕ ಕೆಲವೇ ಜನರಲ್ಲಿ, ಆಮೇಲೆ ನೂರಾರು, ಕೊನೆಗೆ ಸಾವಿರಾರು ರೋಗಿಗಳಲ್ಲಿ ಪರೀಕ್ಷೆ ನಡೆಯಬೇಕು. ಮನುಷ್ಯರ ಪ್ರಯೋಗಕ್ಕೆ ಬಂದ ಹತ್ತು ಅಣುಗಳಲ್ಲಿ ಸುಮಾರು ಒಂದು ಮಾತ್ರ ಅಂಗಡಿಗೆ ಬರುತ್ತದೆ.

ಮನೆಮಂದಿ ಗಮನಿಸಬೇಕಾದ್ದು

* ಹೊಸ ಮದ್ದಿನ ಸುದ್ದಿ ಓದಿದಾಗ, ಅದು ಕಂಪ್ಯೂಟರಿನಲ್ಲಿ ಕಂಡದ್ದೋ, ಇಲಿಯಲ್ಲೋ, ಮನುಷ್ಯರಲ್ಲೋ ಎಂದು ನೋಡಿ. ಮನುಷ್ಯರಲ್ಲಾದರೆ ಎಷ್ಟು ಜನರಲ್ಲಿ ಎಂದೂ ನೋಡಿ.

* ಗಿಡಮೂಲಿಕೆಯ ಒಂದು ಅಂಶ ಪರದೆಯ ಮೇಲಿನ ಪ್ರೋಟೀನಿಗೆ ಹೊಂದಿದ ಮಾತ್ರಕ್ಕೆ ಅದರ ಕಷಾಯ ರೋಗ ವಾಸಿಮಾಡುತ್ತದೆಂದು ಅರ್ಥವಲ್ಲ. ಅದನ್ನು ನಂಬಿ ಬಿ.ಪಿ., ಸಕ್ಕರೆ ಕಾಯಿಲೆ, ಮೂರ್ಛೆರೋಗದ ಮಾತ್ರೆಗಳನ್ನು ನಿಲ್ಲಿಸಬೇಡಿ. ಕಷಾಯ ಕುಡಿಯುತ್ತಿದ್ದರೆ ಡಾಕ್ಟರರಿಗೆ ಮುಚ್ಚಿಡದೆ ತಿಳಿಸಿ.

* 'ಪ್ರಿಲ್' ಮಾತ್ರೆಯಿಂದ ಒಣಕೆಮ್ಮು ಬಂದರೆ ಕೆಮ್ಮಿನ ಸಿರಪ್ ಕುಡಿಯುತ್ತಾ ಕೂರಬೇಡಿ, ಮಾತ್ರೆಯನ್ನು ತಾವೇ ಬಿಡಲೂ ಬೇಡಿ. ಡಾಕ್ಟರರು ಬೇರೆ ಮಾತ್ರೆ ಕೊಡಬಲ್ಲರು. ಗರ್ಭಿಣಿಯರಿಗೆ ಈ ಗುಂಪಿನ ಮಾತ್ರೆಗಳು ಸಲ್ಲವು. ಮಗು ಬೇಕೆಂದಿರುವವರು ಮೊದಲೇ ವಿಚಾರಿಸಬೇಕು.

* ಔಷಧ ಪ್ರಯೋಗಕ್ಕೆ ಸೇರಲು ಆಸ್ಪತ್ರೆಯಲ್ಲಿ ಕೇಳಿದರೆ, ನಿಮಗೆ ತಿಳಿಯುವ ಭಾಷೆಯಲ್ಲಿ ಬರೆದ ವಿವರಣೆ ಪಡೆಯಿರಿ. ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ನಿಮಗಿದೆ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೆ 2019ರ ನಿಯಮಗಳಲ್ಲಿ ಅವಕಾಶವಿದೆ. ಪ್ರಯೋಗವು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿದೆಯೇ ಎಂದು ಕೇಳಿ, ಮನೆಯವರೊಂದಿಗೆ ಮಾತಾಡಿ, ಆಮೇಲೆ ಸಹಿ ಹಾಕಿ.