ಅಂತರದಲ್ಲಿ ಹುಟ್ಟುವ ಅಕ್ರಮ: ವಿಶ್ವವಿದ್ಯಾಲಯಗಳ ಆಡಳಿತ ಮತ್ತು ಅದರ ಕಾವಲು

ಬೆಳಗಾವಿ ಎರಡು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳ ಆಡಳಿತ ಕೇಂದ್ರ. 1998ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು (ವಿಟಿಯು) ಮಚ್ಛೆಯ ಬಳಿಯ ‘ಜ್ಞಾನ ಸಂಗಮ’ ಆವರಣದಿಂದ ರಾಜ್ಯದ ಉದ್ದಗಲದಲ್ಲಿರುವ ಎಂಜಿನಿಯರಿಂಗ್ ಕಾಲೇಜುಗಳ ಪಠ್ಯ, ಪರೀಕ್ಷೆ, ಪದವಿಗಳನ್ನು ನಿರ್ವಹಿಸುತ್ತಿದ್ದರೆ, ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ 1982ರಲ್ಲಿ ಹುಟ್ಟಿ 2010ರಲ್ಲಿ ಸ್ವತಂತ್ರವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಭೂತರಾಮನಹಟ್ಟಿಯಿಂದ ಈ ಭಾಗದ ಕಲಾ, ವಾಣಿಜ್ಯ ಮತ್ತು ವಿಜ್ಞಾನ ಕಾಲೇಜುಗಳನ್ನು ನೋಡಿಕೊಳ್ಳುತ್ತದೆ. ಎರಡರ ಸ್ವರೂಪವೂ ಸಂಯೋಜನೆಯದು. ಅಂದರೆ ಪಾಠ ಬಹುಪಾಲು ಊರೂರಿನ ಕಾಲೇಜುಗಳಲ್ಲಿ ನಡೆಯುತ್ತದೆ, ಅಂಕ ಕೊಡುವ, ಮಾನ್ಯತೆ ನೀಡುವ, ಶುಲ್ಕ ಸಂಗ್ರಹಿಸುವ ಅಧಿಕಾರ ಮಾತ್ರ ಒಂದೆಡೆ ಸೇರಿಕೊಂಡಿರುತ್ತದೆ. ಭ್ರಷ್ಟಾಚಾರಕ್ಕೆ ಎಡೆ ಸಿಗುವುದು ಈ ಅಂತರದಲ್ಲಿಯೇ.

ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಅನ್ವಯಿಸುವ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000 ಈ ಅಧಿಕಾರವನ್ನು ಹಂಚಿಡಲು ಯತ್ನಿಸುತ್ತದೆ. ಕುಲಪತಿಯ ಕೆಳಗೆ ಸಾಮಾನ್ಯ ಆಡಳಿತಕ್ಕೊಬ್ಬ ಕುಲಸಚಿವ, ಪರೀಕ್ಷೆಗೆಂದೇ ಇನ್ನೊಬ್ಬ ಮೌಲ್ಯಮಾಪನ ಕುಲಸಚಿವ, ಲೆಕ್ಕಕ್ಕೆ ಹಣಕಾಸು ಅಧಿಕಾರಿ ಇರುತ್ತಾರೆ; ಇವರೆಲ್ಲರ ಮೇಲಿನ ಕಾರ್ಯಕಾರಿ ಮಂಡಳಿಯೇ ಸಿಂಡಿಕೇಟ್. ಆದರೆ ಆಡಳಿತವನ್ನು ಪ್ರಶ್ನಿಸಬೇಕಾದ ಆ ಸಿಂಡಿಕೇಟ್‌ನ ಸಭೆಗೆ ಆಡಳಿತದ ಮುಖ್ಯಸ್ಥರಾದ ಕುಲಪತಿಯೇ ಅಧ್ಯಕ್ಷರಾಗಿರುವುದು ಈ ರಚನೆಯ ದೊಡ್ಡ ಕೊರತೆ. ಸದಸ್ಯರು ನಿರ್ಭಯವಾಗಿ ಮಾತನಾಡದಿದ್ದರೆ ಕಾವಲುಗಾರನೂ ಯಜಮಾನನೂ ಒಬ್ಬನೇ ಆಗಿಬಿಡುತ್ತಾನೆ.

ಅಕ್ರಮವನ್ನು ವ್ಯವಸ್ಥೆಯ ಬದಲಾವಣೆಯಿಂದ ಎಷ್ಟರಮಟ್ಟಿಗೆ ತಡೆಯಬಹುದು ಎಂಬುದಕ್ಕೆ ವಿಟಿಯು ಅಳವಡಿಸಿಕೊಂಡ ಡಿಜಿಟಲ್ ಮೌಲ್ಯಮಾಪನ ಒಳ್ಳೆಯ ನಿದರ್ಶನ. ಹಳೆಯ ಪದ್ಧತಿಯಲ್ಲಿ ಉತ್ತರ ಪತ್ರಿಕೆಗಳ ಕಟ್ಟುಗಳು ಲಾರಿಯಲ್ಲಿ ಸಾಗಿ, ಕೋಣೆಗಳಲ್ಲಿ ರಾಶಿ ಬಿದ್ದು, ಹಲವು ಕೈಗಳನ್ನು ದಾಟಿ ಮೌಲ್ಯಮಾಪಕರ ಮೇಜಿಗೆ ಬರುತ್ತಿದ್ದವು. ಯಾರ ಕಟ್ಟು ಯಾರ ಬಳಿಗೆ ಹೋಗಿದೆ ಎಂಬ ಸುಳಿವು ಹೊರಬಿದ್ದರೆ ಸಾಕು, ವಶೀಲಿಗೆ ದಾರಿ ತೆರೆಯುತ್ತಿತ್ತು. ಪತ್ರಿಕೆಯನ್ನು ಸ್ಕ್ಯಾನ್ ಮಾಡಿ, ವಿದ್ಯಾರ್ಥಿಯ ಗುರುತನ್ನು ಸಂಕೇತದ ಹಿಂದೆ ಮರೆಮಾಡಿ, ಕಂಪ್ಯೂಟರ್ ಪರದೆಯ ಮೇಲೆ ಅಂಕ ಹಾಕಿಸುವ ಕ್ರಮದಲ್ಲಿ ಆ ಸುಳಿವು ಸಿಗುವುದು ಕಷ್ಟ. ಕೂಡುವ ತಪ್ಪುಗಳು ಇಲ್ಲವಾಗುತ್ತವೆ, ಯಾವ ಉತ್ತರಕ್ಕೆ ಯಾರು ಎಷ್ಟು ಅಂಕ ಕೊಟ್ಟರು ಎಂಬ ದಾಖಲೆಯೂ ಉಳಿಯುತ್ತದೆ. ಅವಸರದಲ್ಲಿ ಓದದೆ ಅಂಕ ಹಾಕುವ ಮೌಲ್ಯಮಾಪಕರನ್ನು ಯಂತ್ರ ತಿದ್ದಲಾರದು, ನಿಜ. ಆದರೂ ಅಂಥವರನ್ನು ಆಮೇಲೆ ಪತ್ತೆ ಹಚ್ಚುವುದಕ್ಕಾದರೂ ಅದು ಆಧಾರ ಒದಗಿಸುತ್ತದೆ.

ಕಾಲೇಜುಗಳ ಮಾನ್ಯತೆಯ ವಿಷಯದಲ್ಲಿ ಇಂಥ ದಾಖಲೆ ಉಳಿಯುವುದು ಕಡಿಮೆ, ಆದ್ದರಿಂದ ಅದೇ ಹೆಚ್ಚು ಕಳವಳಕಾರಿ. ಹೊಸ ಕೋರ್ಸ್ ಆರಂಭಿಸಲು ಅಥವಾ ಮಾನ್ಯತೆ ನವೀಕರಿಸಲು ವಿಶ್ವವಿದ್ಯಾಲಯ ಕಳುಹಿಸುವ ತಂಡಕ್ಕೆ ಸ್ಥಳೀಯ ವಿಚಾರಣಾ ಸಮಿತಿ, ಕಾಲೇಜುಗಳ ಆಡುಮಾತಿನಲ್ಲಿ ‘ಎಲ್‌ಐಸಿ’, ಎನ್ನುತ್ತಾರೆ. ತಂಡ ಬರುವ ದಿನ ಬೋಧಕರ ಸಂಖ್ಯೆ ಭರ್ತಿಯಾಗಿ, ಗ್ರಂಥಾಲಯ ಝಗಮಗಿಸಿ, ಮರುದಿನ ಎಲ್ಲವೂ ಮೊದಲಿನಂತಾದರೆ ಆ ವರದಿಯ ಬೆಲೆಯನ್ನು ಮುಂದಿನ ನಾಲ್ಕು ವರ್ಷ ವಿದ್ಯಾರ್ಥಿಗಳು ತೆರಬೇಕಾಗುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ, ರಾಷ್ಟ್ರಮಟ್ಟದಲ್ಲಿ ಶ್ರೇಣಿ ನೀಡುವ ‘ನ್ಯಾಕ್’ ಸಂಸ್ಥೆಯ ಪರಿಶೀಲನಾ ತಂಡದ ಸದಸ್ಯರನ್ನೇ ಲಂಚದ ಆರೋಪದ ಮೇಲೆ 2025ರ ಫೆಬ್ರುವರಿಯಲ್ಲಿ ಸಿಬಿಐ ಬಂಧಿಸಿದ್ದನ್ನು ನೆನೆದರೆ, ಸಮಿತಿಯ ವರದಿ, ಬೋಧಕರ ಪಟ್ಟಿ ಮತ್ತು ಸಮಿತಿಯ ಸದಸ್ಯರ ಹೆಸರುಗಳನ್ನು ಭೇಟಿಯ ಬೆನ್ನಲ್ಲೇ ಪ್ರಕಟಿಸುವುದು ಎಷ್ಟು ಅಗತ್ಯ ಎಂಬುದು ಅರ್ಥವಾಗುತ್ತದೆ.

ಹಣದ ಪ್ರಶ್ನೆ ಬೇರೆಯೇ ಬಗೆಯದು. ಆದಾಯ ತೆರಿಗೆ ವಿನಾಯಿತಿ ಕುರಿತು ವಿಟಿಯು ಹೂಡಿದ್ದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2016ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು. ವಿಶ್ವವಿದ್ಯಾಲಯದ ಉದ್ದೇಶ ಲಾಭವಲ್ಲ, ಶಿಕ್ಷಣವೇ ಎಂಬುದನ್ನು ನ್ಯಾಯಾಲಯ ಒಪ್ಪಿಕೊಂಡಿತಾದರೂ, ಸರ್ಕಾರದ ನೇರ ಅನುದಾನ ಒಟ್ಟು ಆದಾಯದ ಶೇ. 1ರ ಆಸುಪಾಸಿನಲ್ಲಿದ್ದುದರಿಂದ ಅದನ್ನು ಗಣನೀಯವಾಗಿ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಯೆಂದು ಪರಿಗಣಿಸಲಾಗದು ಎಂದಿತು. 1999ರಿಂದ 2010ರ ಅವಧಿಯಲ್ಲಿ ಸುಮಾರು 500 ಕೋಟಿ ರೂಪಾಯಿ ಹೆಚ್ಚುವರಿ ಹಣ ಸಂಗ್ರಹವಾಗಿತ್ತೆಂಬುದೂ ತೀರ್ಪಿನಲ್ಲಿ ದಾಖಲಾಗಿದೆ. ಇದು ಭ್ರಷ್ಟಾಚಾರದ ಪ್ರಕರಣವಲ್ಲ. ಆದರೆ ಬೊಕ್ಕಸ ತುಂಬಿದವರು ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರು ಎಂಬುದನ್ನು ಇದು ಅಂಕಿಸಹಿತ ತೋರಿಸುತ್ತದೆ. ಕಟ್ಟಡ, ಖರೀದಿಗಳಿಗೆ ಬಹಿರಂಗ ಟೆಂಡರ್ ಕಡ್ಡಾಯಗೊಳಿಸುವ 1999ರ ರಾಜ್ಯ ಕಾಯ್ದೆ ಇದೆ, ಲೆಕ್ಕಪರಿಶೋಧನೆಯೂ ನಡೆಯುತ್ತದೆ; ಯಾವ ಶೀರ್ಷಿಕೆಯಡಿ ಪಡೆದ ಶುಲ್ಕ ಯಾವುದಕ್ಕೆ ಖರ್ಚಾಯಿತು ಎಂಬ ಸರಳ ವಿವರವೂ ಶುಲ್ಕ ಕಟ್ಟಿದವರಿಗೆ ಪ್ರತಿವರ್ಷ ತಲುಪಬೇಕು.

ಶಿಕ್ಷೆಯ ಕಾನೂನು ಅಷ್ಟೇನೂ ದುರ್ಬಲವಾಗಿಲ್ಲ. 1988ರ ಭ್ರಷ್ಟಾಚಾರ ನಿಯಂತ್ರಣ ಕಾಯ್ದೆಯ ಪ್ರಕಾರ ಕುಲಪತಿಯಿಂದ ಹಿಡಿದು ಸಾಮಾನ್ಯ ನೌಕರನವರೆಗೆ ಎಲ್ಲರೂ ಸಾರ್ವಜನಿಕ ಸೇವಕರು. ಪರೀಕ್ಷೆಯ ಕೆಲಸಕ್ಕೆಂದು ಹೊರಗಿನಿಂದ ಕರೆಸಿಕೊಂಡವರೂ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ಡೀಮ್ಡ್ ವಿಶ್ವವಿದ್ಯಾಲಯಗಳೂ ಈ ಕಾಯ್ದೆಯಿಂದ ಹೊರಗಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ.

ವಿದ್ಯಾರ್ಥಿಯ ಕೈಗೆ ನಿಲುಕುವ ಹಕ್ಕು ಮಾಹಿತಿಯದು. ಮೌಲ್ಯಮಾಪನಗೊಂಡ ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಇದೆಯೆಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದರೆ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸಲು ಕಚೇರಿಗೆ 30 ದಿನಗಳ ಅವಕಾಶವಿದ್ದು, ಅಷ್ಟರೊಳಗೆ ಮರುಮೌಲ್ಯಮಾಪನದ ಗಡುವು ಮುಗಿದುಹೋದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ದೂರವೂ ಒಂದು ಅಡ್ಡಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಿಂದಲೋ ನಂದಗಡದಿಂದಲೋ ಹೊರಟ ಪದವಿ ವಿದ್ಯಾರ್ಥಿ ಬೆಳಗಾವಿ ನಗರವನ್ನು ಪೂರ್ತಿ ದಾಟಿ, ಅದರ ಉತ್ತರಕ್ಕಿರುವ ಭೂತರಾಮನಹಟ್ಟಿಯನ್ನು ತಲುಪಬೇಕು. ಅಂಕಪಟ್ಟಿಯ ಒಂದು ತಿದ್ದುಪಡಿಗಾಗಿ ಎರಡು ಮೂರು ದಿನದ ಕೂಲಿ, ಬಸ್ ಖರ್ಚು ಕಳೆದುಕೊಳ್ಳುವ ಕುಟುಂಬಕ್ಕೆ ‘ನಾನು ಮಾಡಿಸಿಕೊಡುತ್ತೇನೆ’ ಎನ್ನುವ ದಲ್ಲಾಳಿಯೇ ಅಗ್ಗವಾಗಿ ಕಾಣುತ್ತಾನೆ. ಅರ್ಜಿ ಯಾರ ಮೇಜಿನ ಮೇಲಿದೆ, ಎಷ್ಟು ದಿನದಿಂದ ಇದೆ ಎಂಬುದು ಖಾನಾಪುರದ ಕಾಲೇಜಿನಲ್ಲೇ, ಕನ್ನಡದಲ್ಲೂ ಮರಾಠಿಯಲ್ಲೂ, ತಿಳಿಯುವಂತಾದರೆ ಆ ದಲ್ಲಾಳಿಗೆ ಮಾರಲು ಉಳಿಯುವುದು ಬಹಳ ಕಡಿಮೆ.