ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯವೂ ನಮ್ಮ ಸವಳು ಭೂಮಿಯೂ

ಪಾಮನಕಲ್ಲೂರು ಸೀಮೆಯ ಜಮೀನುದಾರರು ಬೀಜಕ್ಕಾಗಿ ರಾಯಚೂರಿಗೆ ಹೋಗುವುದುಂಟು. ಮಣ್ಣನ್ನು ಕಟ್ಟಿಕೊಂಡು ಹೋಗುವವರು ವಿರಳ. ಲಿಂಗಸುಗೂರು ರಸ್ತೆಯಲ್ಲಿರುವ ಕೃಷಿ ವಿಶ್ವವಿದ್ಯಾನಿಲಯವು 2008ರಲ್ಲಿ ಧಾರವಾಡದ್ದರಿಂದ ಬೇರ್ಪಟ್ಟು ಸ್ಥಾಪಿತವಾಯಿತು. ಅದರ ಆವರಣದಲ್ಲಿ ಕೃಷಿ ಮತ್ತು ಕೃಷಿ ಇಂಜಿನಿಯರಿಂಗ್ ಮಹಾವಿದ್ಯಾಲಯಗಳೂ ಸಂಶೋಧನಾ ಕ್ಷೇತ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇರುವುವು. ಕಟ್ಟಡಗಳನ್ನು ನೋಡಿ ಬೆರಗಾಗಿ ಹಿಂದಿರುಗುವುದರಿಂದ ಫಲವಿಲ್ಲ. ರೈತನಿಗೆ ಬೇಕಾದುದು ಪ್ರಯೋಗಶಾಲೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಎರೆಭೂಮಿಯಲ್ಲಿ, ನೀರು ಬಸಿಯದ ಕಡೆಗಳಲ್ಲೆಲ್ಲ ಸವಳು ಏರಿರುವುದು. ಬಿಳಿಯ ಪೊರೆ ಕಂಡೊಡನೆ ಜಿಪ್ಸಂ ಸುರಿಯುವುದು ಹಣದ ಹಾನಿ. ಜಿಪ್ಸಂ ಕ್ಷಾರಭೂಮಿಗೆ ಮದ್ದು. ಬರಿಯ ಲವಣದ ಭೂಮಿಗೆ ಬಸಿಗಾಲುವೆಯೂ ಒಳ್ಳೆಯ ನೀರೂ ಬೇಕು. ಇವೆರಡರ ಭೇದವು ಕಣ್ಣಳತೆಯಿಂದ ನಿಶ್ಚಯವಾಗದು. ಈ ಬಗೆಯ ಭೂಮಿಯ ಮೇಲೆಯೇ ಗಂಗಾವತಿಯ ಸಂಶೋಧನಾ ಕೇಂದ್ರದಲ್ಲಿ ಪ್ರಯೋಗಗಳು ನಡೆದಿವೆ.

ಕೊಯ್ಲಾದ ಮೇಲೆ, ಗೊಬ್ಬರ ಹಾಕುವ ಮೊದಲು, ಹೊಲದ ಹತ್ತಾರು ಕಡೆ 15 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ತೆಗೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಮಾತ್ರ ಬಟ್ಟೆಯ ಚೀಲದಲ್ಲಿ ಕಟ್ಟಿ ಸರ್ವೆ ನಂಬರು ಬರೆಯತಕ್ಕುದು. ಸವಳು ಮಡಿಯ ಮಣ್ಣನ್ನು ಒಳ್ಳೆಯದರೊಡನೆ ಸೇರಿಸದೆ ಬೇರೆಯಾಗಿಯೇ ಕಟ್ಟಬೇಕು. ಬದುವಿನ ಅಂಚಿನದೂ ತಿಪ್ಪೆಯ ಬಳಿಯದೂ ಬೇಡ. ರಸಗೊಬ್ಬರದ ಹಳೆಯ ಚೀಲದಲ್ಲಿ ಒಯ್ದರೆ ಪರೀಕ್ಷೆಯು ಹೊಲದ ಗುಣವನ್ನು ಬಿಟ್ಟು ಚೀಲದ ಗುಣವನ್ನು ಹೇಳೀತು!