ರಿಪೇರಿ ಆದ ಮಷಿನ್ನಿನಲ್ಲಿ ಎಂಬ್ರಾಯಿಡರಿ

ನಮ್ಮ ಹೊಲಿಗೆ ಮಷಿನ್ ಕೆಟ್ಟಿತ್ತು. ರಿಪೇರಿಗೆ ಕೊಟ್ಟೆವು. ಎಂಟು ದಿನ ಕೆಲಸ ನಿಂತಿತು. ಮದುವೆ ಮನೆಯವರ ರವಿಕೆ ಬಾಕಿ ಉಳಿಯಿತು.

ಮಷಿನ್ ಬಂದ ಕೂಡಲೇ ಹೂವು ಹಾಕಲು ಕೂತೆವು. ಬಟ್ಟೆಯ ಅಡಿಯಲ್ಲಿ ದಾರ ಗಂಟು ಗಂಟಾಯಿತು. ರಿಪೇರಿ ಮಾಡಿದವರನ್ನು ಬೈದೆವು. ಅದು ನಮ್ಮ ತಪ್ಪು. ಅವರು ಮಷಿನ್ನನ್ನು ನೇರ ಹೊಲಿಗೆಗೆ ಸರಿ ಮಾಡಿ ಕೊಟ್ಟಿದ್ದರು. ಎಂಬ್ರಾಯಿಡರಿಗೆ ನಾವೇ ಹೊಂದಿಸಿಕೊಳ್ಳಬೇಕು.

ಮೊದಲು ಹಳೇ ಬಟ್ಟೆ ತಗೊಳ್ಳಿ. ರಿಪೇರಿಯಲ್ಲಿ ಎಣ್ಣೆ ಹಾಕಿರುತ್ತಾರೆ. ಹೊಸ ಬಟ್ಟೆಗೆ ಕಲೆ ಹತ್ತೀತು. ಬಟ್ಟೆಯನ್ನು ರಿಂಗಿಗೆ ಬಿಗಿಯಾಗಿ ಹಾಕಿ. ಮಷಿನ್ನಿನ ಪಾದ ತೆಗೆಯಿರಿ. ಬಟ್ಟೆ ತಳ್ಳುವ ಹಲ್ಲನ್ನು ಕೆಳಗಿಳಿಸಿ. ಇಳಿಯದಿದ್ದರೆ ಅದರ ಮೇಲೆ ತಗಡಿನ ಮುಚ್ಚಳ ಹಾಕಿ. ಈಗ ಬಟ್ಟೆ ಸರಿಸೋದು ನಮ್ಮ ಕೈಯೇ.

ನಾವು ಎಡವಿದ್ದು ಇಲ್ಲಿ. ಪಾದವೇ ಇಲ್ಲವಲ್ಲ ಅಂತ ಹಿಂಬದಿಯ ಹಿಡಿಯನ್ನು ಮೇಲೇ ಬಿಟ್ಟಿದ್ದೆವು. ಹಿಡಿ ಮೇಲಿದ್ದರೆ ದಾರ ಹಿಡಿಯುವ ಬಿಲ್ಲೆಗಳು ತೆರೆದಿರುತ್ತವೆ. ದಾರಕ್ಕೆ ಬಿಗಿ ಇರೋದಿಲ್ಲ. ಅದಕ್ಕೇ ಗಂಟು. ಪಾದ ಇಲ್ಲದಿದ್ದರೂ ಹಿಡಿ ಇಳಿಸಲೇಬೇಕು.

ಆಮೇಲೆ ಬಿಗಿ ನೋಡಿ. ಮೇಲೆ ಕೆಂಪು ದಾರ, ಬಾಬಿನ್ನಿಗೆ ಬಿಳಿ ದಾರ ಹಾಕಿ ಹೊಲಿಯಿರಿ. ಬಿಳಿ ದಾರ ಮೇಲೆ ಕಂಡರೆ ಮೇಲಿನ ತಿರುಪನ್ನು ಸ್ವಲ್ಪ ಸಡಿಲ ಮಾಡಿ. ಕೆಂಪು ದಾರ ಅಡಿಯಲ್ಲಿ ಚೂರು ಕಂಡರೆ ಒಳ್ಳೆಯದೇ. ಬಾಬಿನ್ ಕೇಸಿನ ತಿರುಪನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಅದು ಬಹಳ ಚಿಕ್ಕದು. ಬಿದ್ದರೆ ಸಿಗೋದಿಲ್ಲ! ತೆಳು ಬಟ್ಟೆಗೆ 11ನೇ ನಂಬರ್ ಸೂಜಿ ಸಾಕು.

ಹಳೇ ಬಟ್ಟೆಯಲ್ಲಿ ಒಂದು ಎಲೆ ಚೆನ್ನಾಗಿ ಬಂತು. ಆಮೇಲೇ ಮದುವೆ ರವಿಕೆಯನ್ನು ರಿಂಗಿಗೆ ಹಾಕಿದೆವು.